ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ

ಕಳೆದ ಮೇ ತಿಂಗಳಿನ ಒಂದು ಮಧ್ಯಾಹ್ನ ಅಕ್ಕಲಕೋಟೆಯ ನಮ್ಮ ಓಣಿಗೆ ದೊಡ್ಡದೊಂದು ವಾಹನ ಬಂದು ನಿಂತಿತು. ಒಳಗೆ ಮಲಗಲು ಹಾಸಿಗೆ, ಅಡುಗೆಗೆ ಪುಟ್ಟ ಕಟ್ಟೆ, ಮೂಲೆಯಲ್ಲಿ ಒಂದು ಸಣ್ಣ ಫ್ರಿಜ್. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ಮೇಲೆ ಇಂಥ ಮನೆಬಂಡಿಗಳ ಮಾತು ನಮ್ಮ ಕಡೆಗೂ ಕೇಳಿಬರುತ್ತಿದೆ. ಆದರೆ ಒಳಹೊಕ್ಕು ನೋಡಿದ್ದು ನನಗೆ ಅದೇ ಮೊದಲು. ಬಂದವನು ನನ್ನ ಹಳೆಯ ವಿದ್ಯಾರ್ಥಿ. ಕನ್ನಡ ಶಾಲೆಯಲ್ಲಿ ಓದಿ, ಈಗ ಪುಣೆಯಲ್ಲಿ ವಾಹನಗಳ ಒಳಗಿನ ಮರಗೆಲಸ ಮಾಡಿಸುತ್ತಾನೆ. ತಾಯಿಯನ್ನು ಕರೆದುಕೊಂಡು ಪಂಢರಪುರ, ತುಳಜಾಪುರ ಮುಗಿಸಿ, ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ದರ್ಶನ ಪಡೆದು, ಸ್ವಾಮಿ ಸಮರ್ಥರ ಸನ್ನಿಧಿಗೆ ಬಂದಿದ್ದ. ಮುಂದೆ ಗಾಣಗಾಪುರ, ಮಂತ್ರಾಲಯ, ಧರ್ಮಸ್ಥಳ ಎಂದು ತಿಂಗಳ ಯಾತ್ರೆಯ ಸಂಕಲ್ಪ.

ನಮಸ್ಕಾರ ಮುಗಿದ ಕೂಡಲೆ ಅವನು ತನ್ನ ಚಿಂತೆಯನ್ನು ತೋಡಿಕೊಂಡ. “ಸರ್, ಒಳಗ ಉರಿ ಹತ್ತತದ, ಖರೆ ಫ್ರಿಜ್ ಥಂಡ ಆಗವಲ್ದು. ಅವ್ವನ ಇನ್ಸುಲಿನ್ ಇಡಾಕಂತನ ಇದನ್ನ ಕೂಡ್ಸಿದ್ದೆ.”

ಪುಣೆಯ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನಿಂದ ಕೊಂಡ ವಿದೇಶಿ ಫ್ರಿಜ್ ಅದು. ಅದರಲ್ಲಿ ಕಂಪ್ರೆಸರ್ ಇಲ್ಲ, ಮೋಟಾರು ಇಲ್ಲ, ಸದ್ದೂ ಇಲ್ಲ. ಅಡುಗೆ ಅನಿಲದ ಸಿಲಿಂಡರಿನಿಂದ ಒಂದು ನಳಿಗೆ ಬಂದು, ಹಿಂಭಾಗದಲ್ಲಿ ದೀಪದ ಕುಡಿಯಷ್ಟು ಸಣ್ಣ ಉರಿಯನ್ನು ಹಚ್ಚಿಟ್ಟರೆ ಮುಂಭಾಗದಲ್ಲಿ ತಂಪು ಹುಟ್ಟಬೇಕು. ದಾರಿಯ ಒಂದು ಊರಿನಲ್ಲಿ ದುರಸ್ತಿಯವನೊಬ್ಬ ನೋಡಿ, “ಒಳಗಿನ ಗ್ಯಾಸ್ ಮುಗಿದಿದೆ, ತುಂಬಿಸಬೇಕು” ಎಂದು ನಾಲ್ಕು ಸಾವಿರ ರೂಪಾಯಿ ಹೇಳಿದ್ದನಂತೆ. ಅವನ ಮಾತನ್ನು ಕೇಳದೆ ಬಂದದ್ದು ಒಳ್ಳೆಯದಾಯಿತು. ಈ ಬಗೆಯ ಫ್ರಿಜ್ಜಿಗೆ ಅನಿಲ ತುಂಬಿಸುವ ಬಾಯಿಯೇ ಇರುವುದಿಲ್ಲ. ಕಾರ್ಖಾನೆಯಲ್ಲಿ ಒಮ್ಮೆ ತುಂಬಿ ಬೆಸುಗೆ ಹಾಕಿದರೆ ಮುಗಿಯಿತು.

ಬೇಸಗೆಯ ರಜೆ. ಓಣಿಯ ಮಕ್ಕಳೆಲ್ಲ ವಾಹನದ ಸುತ್ತ ನೆರೆದಿದ್ದರು. ಎಂಟನೆಯ ತರಗತಿಗೆ ಹೋಗಲಿರುವ ಹುಡುಗಿಯೊಬ್ಬಳು ಕೇಳಿದಳು: “ಬೆಂಕಿ ಹಚ್ಚಿದ್ರ ಥಂಡ ಹ್ಯಾಂಗ ಆಗ್ತದ್ರೀ ಸರ್?” ದುರಸ್ತಿಗೆ ಕೈಹಾಕುವ ಮೊದಲು ಆ ಪ್ರಶ್ನೆಗೆ ಉತ್ತರ ಕೊಡುವುದೇ ಸರಿಯೆನಿಸಿತು. ಕಾರಣ, ಅದರ ಉತ್ತರ ತಿಳಿಯದೆ ಈ ಪೆಟ್ಟಿಗೆಯನ್ನು ಸರಿಪಡಿಸಲು ಬರುವುದಿಲ್ಲ.

ಮನೆಯ ಮಣ್ಣಿನ ಮಡಕೆಯಿಂದ ಆರಂಭಿಸೋಣ. ಮಡಕೆಯ ಮೈಯಿಂದ ನೀರು ಸಣ್ಣಗೆ ಜಿನುಗಿ ಗಾಳಿಗೆ ಆವಿಯಾಗುತ್ತದೆ. ದ್ರವ ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ಮಡಕೆಯ ನೀರಿನಿಂದಲೇ ಕಸಿದುಕೊಳ್ಳುತ್ತದೆ. ಹತ್ತನೆಯ ತರಗತಿಯ ವಿಜ್ಞಾನದ ಪಾಠದಲ್ಲಿ ಗುಪ್ತೋಷ್ಣ ಎಂದು ಮಕ್ಕಳು ಓದುವುದು ಇದನ್ನೇ. ಮಡಕೆ ತಂಪನ್ನು ತಯಾರಿಸುವುದಿಲ್ಲ, ಶಾಖವನ್ನು ಹೊರಗೆ ಸಾಗಿಸುತ್ತದೆ. ಜಗತ್ತಿನ ಎಲ್ಲ ಫ್ರಿಜ್‌ಗಳೂ ಮಾಡುವುದು ಇಷ್ಟೇ. ಮಡಕೆಯಿಂದ ಹೋದ ಆವಿ ಮರಳಿ ಬರುವುದಿಲ್ಲ, ನಾವು ನೀರು ತುಂಬುತ್ತಲೇ ಇರಬೇಕು; ಫ್ರಿಜ್ಜಿನಲ್ಲಿ ಹೋದ ಆವಿಯನ್ನು ಹಿಡಿದು ತಂದು ಮತ್ತೆ ದ್ರವ ಮಾಡುವ ವ್ಯವಸ್ಥೆ ಇರುತ್ತದೆ.

ನಮ್ಮ ಮನೆಗಳ ಫ್ರಿಜ್ಜಿನಲ್ಲಿ ಆ ಹಿಡಿದು ತರುವ ಕೆಲಸ ಕಂಪ್ರೆಸರಿನದು. ಉರಿಯಿಂದ ನಡೆಯುವ ಫ್ರಿಜ್ಜಿನಲ್ಲಿ ಅದನ್ನು ನೀರು ಮಾಡುತ್ತದೆ. ಕೊಳವೆಗಳೊಳಗೆ ಮೂರು ಪದಾರ್ಥಗಳಿವೆ: ಅಮೋನಿಯಾ, ನೀರು, ಜಲಜನಕ. ಅಮೋನಿಯಾ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿಯುವ ವಸ್ತು. ನೀರಿನ ಮೇಲೆ ಅದಕ್ಕೆ ವಿಪರೀತ ಮೋಹ. ಕೆಳಗಿನ ಕುದಿಪಾತ್ರೆಯಲ್ಲಿ ಅಮೋನಿಯಾ ಕರಗಿದ ನೀರಿರುತ್ತದೆ. ಉರಿ ತಗುಲಿದಾಗ ಅಮೋನಿಯಾ ಗುಳ್ಳೆಗಳಾಗಿ ಹೊರಬಂದು ಸಣ್ಣ ಕೊಳವೆಯಲ್ಲಿ ಮೇಲೇರುತ್ತದೆ. ಹಾಲು ಉಕ್ಕುವಾಗ ಗುಳ್ಳೆಗಳು ಹಾಲನ್ನೇ ಎತ್ತಿಕೊಂಡು ಏಳುವಂತೆ, ಈ ಗುಳ್ಳೆಗಳು ನೀರನ್ನೂ ಮೇಲಕ್ಕೆ ಒಯ್ಯುತ್ತವೆ. ಈ ಪೆಟ್ಟಿಗೆಯ ಪಂಪು ಎಂದರೆ ಇದೇ. ಆವಿ ತುದಿಯ ಜಾಲರಿಯಲ್ಲಿ ಹೊರಗಿನ ಗಾಳಿಗೆ ಶಾಖ ಕೊಟ್ಟು ದ್ರವ ಅಮೋನಿಯಾ ಆಗಿ, ಫ್ರಿಜ್ಜಿನ ಒಳಭಾಗಕ್ಕೆ ಇಳಿಯುತ್ತದೆ. ಅಲ್ಲಿ ಜಲಜನಕ ತುಂಬಿರುವುದರಿಂದ ಅಮೋನಿಯಾದ ಪಾಲಿನ ಒತ್ತಡ ತೀರ ಕಡಿಮೆ. ಒಣಗಾಳಿಯಲ್ಲಿ ಮಡಕೆಯ ನೀರು ಬೇಗ ಆವಿಯಾಗುವಂತೆ ಅದು ಜಲಜನಕದೊಳಗೆ ಆವಿಯಾಗಿ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಹೀಗೆ ಭಾರವಾದ ಮಿಶ್ರಣ ಕೆಳಗಿಳಿದಾಗ, ಮೇಲಿನಿಂದ ಇಳಿದು ಬರುತ್ತಿರುವ ನೀರು ಅಮೋನಿಯಾವನ್ನು ಹೀರಿಕೊಳ್ಳುತ್ತದೆ. ಹಗುರವಾದ ಜಲಜನಕ ಮೇಲಕ್ಕೆ ಮರಳುತ್ತದೆ, ಅಮೋನಿಯಾ ಕರಗಿದ ನೀರು ಕುದಿಪಾತ್ರೆಗೆ ಮರಳುತ್ತದೆ. ಚಕ್ರ ಪೂರ್ಣವಾಯಿತು.

ಅಮೋನಿಯಾ ಮತ್ತು ನೀರಿನ ಈ ಜೋಡಿಯನ್ನು ತಂಪಿಗೆ ದುಡಿಸಿದವನು ಫ್ರಾನ್ಸಿನ ಫರ್ಡಿನಾಂಡ್ ಕಾರೆ, 1859ರಲ್ಲಿ. ಅವನ ಯಂತ್ರಕ್ಕೆ ಪಂಪು ಬೇಕಾಗಿತ್ತು. ಜಲಜನಕವನ್ನು ಸೇರಿಸಿ ಪಂಪನ್ನೇ ತೆಗೆದುಹಾಕಿದವರು ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ವರ್ಷ 1922; ಇಬ್ಬರೂ ಆಗಿನ್ನೂ ಎಂಜಿನಿಯರಿಂಗ್ ಓದುತ್ತಿದ್ದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಐನ್‌ಸ್ಟೈನ್ ಕೂಡ ತನ್ನ ಶಿಷ್ಯಸಮಾನನಾದ ಲಿಯೋ ಸಿಲಾರ್ಡ್‌ನೊಡನೆ ಸೇರಿ, ಚಲಿಸುವ ಭಾಗಗಳಿಲ್ಲದ ಫ್ರಿಜ್ಜಿಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದನೆಂದು ಹೇಳಿದಾಗ ಮಕ್ಕಳು ನಂಬಲಿಲ್ಲ. ಮುಂದೆ ಇದೇ ತತ್ತ್ವದ, ಸೀಮೆಎಣ್ಣೆಯ ಬತ್ತಿಯಿಂದ ನಡೆಯುವ ಫ್ರಿಜ್‌ಗಳು ಆಫ್ರಿಕದ ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಮಕ್ಕಳ ಲಸಿಕೆಗಳನ್ನು ಕಾಯ್ದವು.

ಇಷ್ಟು ತಿಳಿದ ಮೇಲೆ ದೋಷ ಎಲ್ಲಿರಬಹುದೆಂದು ಊಹಿಸುವುದು ಸುಲಭ. ಈ ಪೆಟ್ಟಿಗೆಯಲ್ಲಿ ದ್ರವವನ್ನು ನೂಕುವವರು ಯಾರೂ ಇಲ್ಲ. ಎಲ್ಲವೂ ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹರಿಯಬೇಕು. ಹೊರಗಿನ ಗಾಳಿ ಶಾಖವನ್ನು ಒಯ್ಯಬೇಕು. ಉರಿ ಸರಿಯಾಗಿರಬೇಕು. ಈ ಮೂರರಲ್ಲಿ ನಮ್ಮ ಮುಂದಿದ್ದ ಫ್ರಿಜ್ಜಿಗೆ ಒಂದೂ ಸರಿಯಾಗಿರಲಿಲ್ಲ.

ಮೊದಲು ಮಟ್ಟ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿಯಿಂದ ರಸಮಟ್ಟ ತರಿಸಿ ಫ್ರಿಜ್ಜಿನೊಳಗೆ, ಮಂಜುಗಡ್ಡೆಯ ಖಾನೆಯ ತಳದ ಮೇಲೆ ಇಟ್ಟೆವು. ವಾಹನದ ನೆಲವನ್ನು ಅಳೆದರೆ ಸಾಲದು. ಮರಗೆಲಸದವನು ಫ್ರಿಜ್ಜನ್ನೇ ಓರೆಯಾಗಿ ಕೂರಿಸಿರಬಹುದು. ಗುಳ್ಳೆ ಒಂದು ತುದಿಗೆ ಓಡಿ ಅಲ್ಲೇ ನಿಂತಿತು. ಓಣಿಯ ಇಳಿಜಾರು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆ ತೆಳ್ಳಗಿನ ಕೊಳವೆಗಳಿಗೆ ಕಾಣುತ್ತದೆ. ಇಂದಿನ ಹೆಚ್ಚಿನ ಫ್ರಿಜ್‌ಗಳು ಎಡಬಲಕ್ಕೆ ಸುಮಾರು 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿಯಷ್ಟು ವಾಲಿಕೆಯನ್ನು ತಾಳುತ್ತವೆ. ಹಳೆಯವು ಅಷ್ಟೂ ತಾಳವು. ಮೀರಿದರೆ ದ್ರವ ಒಂದೆಡೆ ಮಡುಗಟ್ಟಿ ನಿಲ್ಲುತ್ತದೆ, ಕುದಿಪಾತ್ರೆ ಬರಿದಾಗಿ ಕಾಯುತ್ತದೆ. ತುಕ್ಕು ಹಿಡಿಯದಿರಲೆಂದು ಒಳಗೆ ಬೆರೆಸಿರುವ ಲವಣ ಆಗ ಹರಳುಗಟ್ಟಿ ಕೊಳವೆಯನ್ನು ಮುಚ್ಚಿಬಿಡಬಹುದು. ಹಾಗಾದರೆ ಫ್ರಿಜ್ ಮತ್ತೆ ಏಳುವುದಿಲ್ಲ. ಓಡುವ ವಾಹನದಲ್ಲಿ ವಾಲಿಕೆ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಅಷ್ಟು ಕೇಡಿಲ್ಲ. ಓರೆಯಾಗಿ ನಿಂತು ರಾತ್ರಿ ಕಳೆಯುವುದೇ ಕೇಡು. ಎರಡು ಗಾಲಿಗಳ ಕೆಳಗೆ ಹಲಗೆ ಕೊಟ್ಟು, ಉಳಿದ ಗಾಲಿಗಳಿಗೆ ಕಲ್ಲು ಒತ್ತಿಟ್ಟು, ಗುಳ್ಳೆಯನ್ನು ನಡುವಿಗೆ ತಂದೆವು.

ಎರಡನೆಯದು ಗಾಳಿ. ಇದರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಸೊಲ್ಲಾಪುರದ ಬೇಸಗೆಯಲ್ಲಿ ಈ ಫ್ರಿಜ್‌ಗಳು ಸೋಲುವುದು ಇಲ್ಲೇ. ಫ್ರಿಜ್ಜಿನ ಹಿಂದೆ ವಾಹನದ ಗೋಡೆಯಲ್ಲಿ ಎರಡು ಜಾಲರಿಗಳಿರುತ್ತವೆ, ಕೆಳಗೊಂದು, ಮೇಲೊಂದು. ಕೆಳಗಿನಿಂದ ಗಾಳಿ ಒಳಬಂದು, ಕೊಳವೆಗಳ ಶಾಖ ಹೊತ್ತು, ಮೇಲಿನಿಂದ ಹೊರಹೋಗಬೇಕು. ಒಲೆಯ ಹೊಗೆನಳಿಗೆಯ ಹಾಗೆ. ನನ್ನ ಶಿಷ್ಯ ದಾರಿಯ ಧೂಳು ಒಳಬಾರದೆಂದು ಕೆಳಗಿನ ಜಾಲರಿಗೆ ರಟ್ಟು ಹಚ್ಚಿ ಮುಚ್ಚಿಬಿಟ್ಟಿದ್ದ! ನಮ್ಮ ಧೂಳನ್ನು ಕಂಡವರು ಅವನನ್ನು ಬೈಯಲಾರರು. ಆದರೆ ಅದು ಉಸಿರಾಡುವ ಮೂಗನ್ನು ಮುಚ್ಚಿದಂತೆ. ರಟ್ಟನ್ನು ಕಿತ್ತು, ಜಾಲರಿಯ ಮೇಲೆ ಕೂತಿದ್ದ ಧೂಳನ್ನು ಕುಂಚದಿಂದ ತೆಗೆದೆವು. ಮೇಲುಗಡೆ ಜಾಲರಿಗೂ ಗೋಡೆಗೂ ನಡುವೆ ಗೇಣಷ್ಟು ಜಾಗವಿತ್ತು. ಜಾಗ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ತೋರುತ್ತದೆ. ಹಾಗಲ್ಲ, ಗಾಳಿ ಸುಲಭದ ದಾರಿ ಹಿಡಿದು ಕೊಳವೆಗಳನ್ನು ಮುಟ್ಟದೆ ಹೋಗುತ್ತದೆ. ತಗಡಿನ ತುಂಡೊಂದನ್ನು ಬಾಗಿಸಿ ಗಾಳಿಯನ್ನು ಕೊಳವೆಗಳತ್ತ ತಿರುಗಿಸಿದೆವು. ಹಳೆಯ ಕಂಪ್ಯೂಟರಿನ 12 ವೋಲ್ಟಿನ ಪುಟ್ಟ ಫ್ಯಾನನ್ನು ಮೇಲ್ಗಡೆ ಕಟ್ಟಿ, ಉರಿಗೆ ಗಾಳಿ ತಾಗದಂತೆ ನೋಡಿಕೊಂಡೆವು. ಕೊನೆಗೆ ವಾಹನವನ್ನೇ ತಿರುಗಿಸಿ ನಿಲ್ಲಿಸಿದೆವು: ಫ್ರಿಜ್ಜಿನ ಬದಿ ಪಡುವಣ ಬಿಸಿಲಿಗೆ ಇತ್ತು, ಅದನ್ನು ಮೂಡಣದ ನೆರಳಿಗೆ ತಂದೆವು. ತಿರುಗಿಸಿದ ಮೇಲೆ ರಸಮಟ್ಟವನ್ನು ಮತ್ತೊಮ್ಮೆ ಇಡಬೇಕಾಯಿತು ಎಂದು ಬೇರೆ ಹೇಳಬೇಕಿಲ್ಲ.

ಫ್ರಿಜ್ಜಿನೊಳಗಿನ ಚೀಟಿಯಲ್ಲಿ ಒಂದೆರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ‘ಎಸ್‌ಎನ್’ ಅಥವಾ ‘ಎನ್’ ಎಂದಿದ್ದರೆ ಹೊರಗಿನ ಉಷ್ಣತೆ 32 ಡಿಗ್ರಿಯವರೆಗೆ, ‘ಎಸ್‌ಟಿ’ ಎಂದಿದ್ದರೆ 38ರವರೆಗೆ, ‘ಟಿ’ ಎಂದಿದ್ದರೆ 43ರವರೆಗೆ ಅದು ಕೆಲಸ ಮಾಡುವಂತೆ ತಯಾರಾಗಿದೆ ಎಂದರ್ಥ. ಕೊಳ್ಳುವ ಮೊದಲು ಇದನ್ನು ಓದಿದರೆ ಅರ್ಧ ಕಷ್ಟ ತಪ್ಪುತ್ತದೆ. ನಮ್ಮ ಮುಂದಿದ್ದದ್ದು ‘ಎಸ್‌ಟಿ’. ಆ ದಿನ ಹೊರಗೆ 42 ಡಿಗ್ರಿ. ಎಂದ ಮೇಲೆ ಮಧ್ಯಾಹ್ನದ ಹೊತ್ತು ಅದರಿಂದ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ.

ಮೂರನೆಯದು ಉರಿ. ಕೈಪಿಡಿ ಹೇಳುವಂತೆ ಅದು ನೀಲಿಯಾಗಿ, ಅಲುಗಾಡದೆ ನಿಂತಿರಬೇಕು. ಇಲ್ಲಿ ಹಳದಿಯಾಗಿ ಓಲಾಡುತ್ತಿತ್ತು. ಸಿಲಿಂಡರನ್ನು ಬಂದ್ ಮಾಡಿ, ತಣ್ಣಗಾದ ಮೇಲೆ ಬರ್ನರನ್ನು ಬಿಚ್ಚಿದರೆ ಹೊಗೆನಳಿಗೆಯಿಂದ ಉದುರಿದ ತುಕ್ಕಿನ ಚೂರುಗಳು, ಜೊತೆಗೆ ಜೇಡರಬಲೆ. ಅನಿಲ ಹೊರಬರುವ ಜೆಟ್ಟಿನ ರಂಧ್ರ ಕೂದಲೆಳೆಯಷ್ಟು. ಅದಕ್ಕೆ ಸೂಜಿ ಚುಚ್ಚಬಾರದು; ರಂಧ್ರ ಸ್ವಲ್ಪ ಹಿಗ್ಗಿದರೂ ಉರಿಯ ಅಳತೆ ಕೆಡುತ್ತದೆ. ಸ್ಪಿರಿಟ್ಟಿನಲ್ಲಿ ನೆನೆಯಿಟ್ಟು, ಊದಿ, ಒಣಗಿಸಿದೆವು. ಹೊಗೆನಳಿಗೆಯೊಳಗೆ ತಿರುಚಿದ ತಗಡೊಂದು ತಂತಿಯಿಂದ ತೂಗಾಡುತ್ತಿರುತ್ತದೆ. ಶಾಖವನ್ನು ಕುದಿಪಾತ್ರೆಯ ಬಳಿ ತಡೆದು ನಿಲ್ಲಿಸುವುದು ಅದರ ಕೆಲಸ. ಒರೆಸಿ ಅದೇ ಎತ್ತರಕ್ಕೆ ತೂಗಿಬಿಟ್ಟೆವು. ಒತ್ತಡದ ಚಿಂತೆ ಇರಲಿಲ್ಲ: ನಮ್ಮ ಮನೆಬಳಕೆಯ ರೆಗ್ಯುಲೇಟರ್ ಕೊಡುವುದು ಚದರ ಸೆಂಟಿಮೀಟರಿಗೆ 30 ಗ್ರಾಮಿನ ಒತ್ತಡ, ಅಂದರೆ ಸುಮಾರು 30 ಮಿಲಿಬಾರ್; ಯುರೋಪಿನ ಈ ಫ್ರಿಜ್ಜಿನ ಚೀಟಿಯಲ್ಲೂ ಅದೇ ಅಂಕಿ ಇತ್ತು. ಅಮೆರಿಕದ ಫ್ರಿಜ್ ಬರೀ ಪ್ರೊಪೇನಿಗೆಂದು ಮಾಡಿದ್ದು. ನಮ್ಮ ಎಲ್‌ಪಿಜಿಯಲ್ಲಿ ಬ್ಯುಟೇನೂ ಬೆರೆತಿರುವುದರಿಂದ ಅದಕ್ಕೆ ಜೆಟ್ ಬದಲಿಸಬೇಕಾದೀತು. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ನೋಡಿದ ಮೇಲೆಯೇ ಕಡ್ಡಿ ಗೀರಿದ್ದು.

ಇಲ್ಲಿ ಪಾಲಕರಿಗೆ ಒಂದು ಮಾತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ವಾಹನದ ನೆಲದಲ್ಲಿ ಕೂಡುತ್ತದೆ, ಮಕ್ಕಳು ಮಲಗುವುದೂ ಅಲ್ಲೇ. ಹಳದಿ ಉರಿಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಆದ್ದರಿಂದ ಫ್ರಿಜ್ಜಿನ ಹಿಂಭಾಗ ಮಲಗುವ ಕೋಣೆಯಿಂದ ಪೂರ್ತಿ ಬೇರ್ಪಟ್ಟು ಹೊರಗಷ್ಟೇ ತೆರೆದಿರಬೇಕು, ನೆಲದಲ್ಲಿ ಅನಿಲ ಹೊರಹೋಗಲು ಕಿಂಡಿ ಇರಬೇಕು, ಪೆಟ್ರೋಲ್ ಪಂಪಿನಲ್ಲಿ ಮತ್ತು ಓಡುವಾಗ ಉರಿ ಆರಿರಬೇಕು. ಇವು ಇಲ್ಲದ ವಾಹನದಲ್ಲಿ ಈ ಫ್ರಿಜ್ಜನ್ನು ಹಚ್ಚದಿರುವುದೇ ಲೇಸು. ನನ್ನ ಶಿಷ್ಯನ ವಾಹನದಲ್ಲಿ ಕಿಂಡಿ ಇರಲಿಲ್ಲ. ಮರುದಿನ ಬೆಳಿಗ್ಗೆ ಕೊರೆಸುವವರೆಗೆ ಆ ರಾತ್ರಿ ತಾಯಿ, ಮಗ ನಮ್ಮ ಮನೆಯಲ್ಲೇ ಮಲಗಿದರು.

ಸಂಜೆ 7 ಗಂಟೆಗೆ ಉರಿ ಹಚ್ಚಿದೆವು. ಈ ಫ್ರಿಜ್ಜಿಗೆ ಅವಸರ ತಿಳಿಯದು. ಉರಿಯ ಒಂದು ಪಾಲು ಶಾಖಕ್ಕೆ ಒಳಗಿನಿಂದ ಹೊರಬೀಳುವುದು ಕಾಲು ಪಾಲಿನಷ್ಟೇ. ಹೊರಡುವ ಹಿಂದಿನ ದಿನವೇ ಹಚ್ಚಿಡಬೇಕು, ಬಿಸಿ ಪದಾರ್ಥ ಇಡಬಾರದು, ಒತ್ತೊತ್ತಾಗಿ ತುಂಬಬಾರದು. ಬಾಗಿಲ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ತಂಪು ಅಲ್ಲಿಂದಲೇ ಸೋರುತ್ತಿದೆ. ಬಾಗಿಲು ತೆರೆದಾಗ ಬೀಸುವ ತಂಪು ಮೋಸದ್ದು, ಗಾಳಿಯ ಉಷ್ಣತೆ ಕ್ಷಣದಲ್ಲಿ ಬದಲಾಗುತ್ತದೆ. ಆದ್ದರಿಂದ ಒಂದು ಲೋಟ ನೀರು ಇಟ್ಟು, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿಟ್ಟೆವು.

ಇಷ್ಟಾದರೂ ತಣ್ಣಗಾಗದಿದ್ದರೆ? ಇಂಥ ಫ್ರಿಜ್‌ಗಳಿಗೆ ಸಾಮಾನ್ಯವಾಗಿ ವಿದ್ಯುತ್ತಿನ ಕಾವುಕಡ್ಡಿಯೂ ಇರುತ್ತದೆ. ವಿದ್ಯುತ್ತಿನ ಮೇಲೆ ತಣ್ಣಗಾಗಿ ಅನಿಲದ ಮೇಲೆ ಆಗದಿದ್ದರೆ ದೋಷ ಉರಿಯದು. ಎರಡರಲ್ಲೂ ಆಗದಿದ್ದರೆ, ಮಟ್ಟ ಮತ್ತು ಗಾಳಿ ಸರಿಯಿದ್ದರೆ, ದೋಷ ಕೊಳವೆಗಳೊಳಗಿನದು. ಫ್ರಿಜ್ಜನ್ನು ತಲೆಕೆಳಗಾಗಿಸಿ ಕೆಲವು ಗಂಟೆ ಇಟ್ಟು ಮತ್ತೆ ನೆಟ್ಟಗೆ ನಿಲ್ಲಿಸುವ ಹಳೆಯ ಉಪಾಯವೊಂದಿದೆ. ಮಡುಗಟ್ಟಿದ ದ್ರವ ಜಾಗಕ್ಕೆ ಮರಳಿದರೆ ಒಮ್ಮೊಮ್ಮೆ ಫಲಿಸುತ್ತದೆ. ಆದರೆ ಹಿಂದೆ ಹಳದಿ ಪುಡಿ ಕಂಡರೆ, ಅಮೋನಿಯಾದ ಘಾಟು ಬಂದರೆ ಕೊಳವೆ ಒಡೆದಿದೆಯೆಂದೇ ತಿಳಿಯಬೇಕು. ಜಲಜನಕ ಹೋದ ಮೇಲೆ ಯಾವ ಉಪಾಯವೂ ನಡೆಯದು. ಒಳಗೆ ಭಾರಿ ಒತ್ತಡ, ಹತ್ತಿಕೊಳ್ಳುವ ಅನಿಲ. ವೆಲ್ಡಿಂಗಿನವನ ಬಳಿ ಒಯ್ಯಬೇಡಿ.

ಆ ತನಕ ಇನ್ಸುಲಿನ್ ಎಲ್ಲಿತ್ತು? ತಾಯಿಯವರು ನಕ್ಕು ತಮ್ಮ ಮಡಕೆ ತೋರಿಸಿದರು. “ಇವಾ ತನ್ನ ಡಬ್ಬಿ ರಿಪೇರಿ ಮಾಡೂತನಕ ನನ್ನ ಔಷಧ ಕಾಯ್ಕೋತ ಕೂಡ್ತದೇನ್ರೀ ಗುರುಗಳ?” ದೊಡ್ಡ ಮಡಕೆಯಲ್ಲಿ ಹಸಿ ಉಸುಕು, ಅದರ ನಡುವೆ ಸಣ್ಣ ಗಡಿಗೆ, ಗಡಿಗೆಯಲ್ಲಿ ಬಿಗಿ ಮುಚ್ಚಳದ ಒಣ ಡಬ್ಬಿ, ಮೇಲೆ ಒದ್ದೆ ಬಟ್ಟೆ. ಡಬ್ಬಿಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ 27 ಡಿಗ್ರಿ, ಹೊರಗೆ 42!

ನನಗೆ ಬಹಳ ಹೊತ್ತು ಯೋಚನೆಗೆ ಹಚ್ಚಿದ್ದು ಇದು. ಸೊಲ್ಲಾಪುರದ ಬೇಸಗೆ ತನ್ನ ಕಾವಿನಿಂದ ಆ ವಿದೇಶಿ ಪೆಟ್ಟಿಗೆಯನ್ನು ದಣಿಸುತ್ತದೆ, ತನ್ನ ಒಣಗಾಳಿಯಿಂದ ಮಡಕೆಯನ್ನು ಗೆಲ್ಲಿಸುತ್ತದೆ. 42 ಡಿಗ್ರಿಯಲ್ಲಿ ಗಾಳಿಯ ಆರ್ದ್ರತೆ 20 ಪ್ರತಿಶತವಿದ್ದರೆ, ಒದ್ದೆ ವಸ್ತು ಹೆಚ್ಚೆಂದರೆ 24 ಡಿಗ್ರಿಯವರೆಗೆ ಇಳಿಯಬಲ್ಲದು. ಮಂಗಳೂರಿನ ತೇವದ ಗಾಳಿಯಲ್ಲಿ ಇದೇ ಮಡಕೆ ಹೊರಗಿನ ಗಾಳಿಗಿಂತ ನಾಲ್ಕಾರು ಡಿಗ್ರಿಯೂ ಇಳಿಯದು. ಧರ್ಮಸ್ಥಳದ ಕಡೆಗೆ ಹೊರಟವರಿಗೆ ಇದು ತಿಳಿದಿರಬೇಕು.

ಹಾಗೆಂದು ಮಡಕೆ ಫ್ರಿಜ್ಜಿಗೆ ಸಮವಲ್ಲ. ತೆರೆಯದ ಇನ್ಸುಲಿನ್ ಬಾಟಲಿಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಬಳಕೆಯಲ್ಲಿರುವ ಬಾಟಲಿ ಮಾತ್ರ ಸಾಮಾನ್ಯವಾಗಿ ನಾಲ್ಕು ವಾರ ಕೋಣೆಯ ಉಷ್ಣತೆಯಲ್ಲಿ ಉಳಿಯುತ್ತದೆ. ಎಷ್ಟು ಡಿಗ್ರಿಯವರೆಗೆ ಎಂಬುದು ಅದರ ಚೀಟಿಯಲ್ಲೇ ಇರುತ್ತದೆ. ಜಿನೀವಾ ವಿಶ್ವವಿದ್ಯಾಲಯ ಮತ್ತು ಗಡಿಗಳಿಲ್ಲದ ವೈದ್ಯರ ಸಂಸ್ಥೆ ಸೇರಿ ಕೀನ್ಯಾದ ನಿರಾಶ್ರಿತರ ಶಿಬಿರದ ಉಷ್ಣತೆಯನ್ನು ಅಳೆದು ಮಾಡಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 25ರಿಂದ 37 ಡಿಗ್ರಿಗಳ ನಡುವೆ ಏರಿಳಿದರೂ ನಾಲ್ಕು ವಾರ ಇನ್ಸುಲಿನ್ ತನ್ನ ಶಕ್ತಿಯನ್ನು ಉಳಿಸಿಕೊಂಡಿತ್ತು. ಇದು ಆಪತ್ತಿಗೆ ಧೈರ್ಯ ಕೊಡುವ ಮಾತು. ನಿಮ್ಮ ವೈದ್ಯರನ್ನು ಕೇಳದೆ ನಿತ್ಯದ ರೂಢಿ ಮಾಡಿಕೊಳ್ಳುವಂಥದ್ದಲ್ಲ. ಇನ್ನೊಂದು ಅಪಾಯವನ್ನು ಹಲವರು ಮರೆಯುತ್ತಾರೆ: ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಡುತ್ತದೆ. ಅನಿಲದ ಫ್ರಿಜ್ಜಿನಲ್ಲಿ ತಂಪು ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಹಿಂಬದಿಯ ತಗಡಿನ ಹತ್ತಿರ ಮಂಜು ಕಟ್ಟುತ್ತದೆ. ಬಾಟಲಿಗಳನ್ನು ಡಬ್ಬಿಯಲ್ಲಿಟ್ಟು ನಡುಗೂಡಿನಲ್ಲಿ ಇಡಬೇಕು.

ಮರುದಿನ ಬೆಳಿಗ್ಗೆ 6 ಗಂಟೆಗೆ ಲೋಟದ ನೀರು 9 ಡಿಗ್ರಿ ತೋರಿಸಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ 3ಕ್ಕೆ ಮತ್ತೆ 12ಕ್ಕೆ ಏರಿತ್ತು. ಆ ಚಪ್ಪಾಳೆಯವರೇ ಗಳಿಗೆಗೊಮ್ಮೆ ಬಾಗಿಲು ತೆರೆದು ನೋಡಿದ್ದರು. ಬಾಗಿಲಿಗೆ ಹಗ್ಗ ಕಟ್ಟಿದೆವು.

ಶಿಷ್ಯನಿಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿದೆ. ಈಗ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಫ್ರಿಜ್‌ಗಳು ಸಿಗುತ್ತವೆ. ವಾಹನದ ಮಾಡಿನ ಮೇಲೆ ಸೌರಫಲಕ ಹಾಕಿದರೆ ನಮ್ಮ ಬಿಸಿಲೇ ಅವುಗಳಿಗೆ ಮೇವು. ಮಟ್ಟದ ತಕರಾರು ಅಷ್ಟಿಲ್ಲ, ಉರಿಯ ಭಯವೂ ಇಲ್ಲ. ಹೊಸದಾಗಿ ಕೊಳ್ಳುವುದಾದರೆ ಈ ಭಾಗಕ್ಕೆ ಅದೇ ತಕ್ಕದ್ದು. ಅವನು ಒಪ್ಪಿದ. ಆದರೆ ಈ ಯಾತ್ರೆ ಇದರಲ್ಲೇ ಮುಗಿಯಬೇಕಿತ್ತು.

ಮೂರನೆಯ ದಿನ ಬೆಳಿಗ್ಗೆ 6 ಡಿಗ್ರಿ. ತಾಯಿಯವರು ಗಡಿಗೆಯಿಂದ ಡಬ್ಬಿಯನ್ನು ತೆಗೆದು, ತೆರೆಯದ ಬಾಟಲಿಗಳನ್ನು ಫ್ರಿಜ್ಜಿನ ನಡುಗೂಡಿಗೆ ಸೇರಿಸಿದರು. ಬಳಕೆಯ ಬಾಟಲಿಯನ್ನು ಮಾತ್ರ ಮಡಕೆಯಲ್ಲೇ ಉಳಿಸಿಕೊಂಡರು. ಗೌಂಡಿಯ ರಸಮಟ್ಟವನ್ನು ಮರಳಿಸಿ, ಪೇಟೆಯಿಂದ ಚಿಕ್ಕದೊಂದನ್ನು ಕೊಂಡು ತಂದು ಚಾಲಕನ ಪಕ್ಕದ ಖಾನೆಯಲ್ಲಿಟ್ಟೆವು. ಬಿಸಿಲು ಏರುವ ಮೊದಲೇ ವಾಹನ ಗಾಣಗಾಪುರದ ದಾರಿ ಹಿಡಿಯಿತು.